ಹುಲಿ-ಕುರಿಯಿಂದ ಧಾರವಾಡದ ಮುತ್ತಿಗೆಯವರೆಗೆ: ದಂಡಿನಾಟ ಕಲಿಸುವ ಬಗೆ

ಹಿಂದೆ ನಿಜವಾಗಿ ನಡೆದ ಒಂದು ಯುದ್ಧವನ್ನು ನಕಾಶೆಯ ಮೇಲೋ ಪರದೆಯ ಮೇಲೋ ಮತ್ತೆ ಹೂಡಿ, ಆಟಗಾರರು ಎದುರುಬದುರು ದಂಡುಗಳ ಸೇನಾಪತಿಗಳಾಗಿ ಆಡುವ ಆಟಗಳಿಗೆ ಕನ್ನಡದಲ್ಲಿ ಇನ್ನೂ ಒಪ್ಪಿತವಾದ ಹೆಸರಿಲ್ಲ. ಈ ಬರಹದ ಮಟ್ಟಿಗೆ ಅವುಗಳನ್ನು ದಂಡಿನಾಟಗಳೆಂದು ಕರೆಯಬಹುದು. ಚದುರಂಗಕ್ಕೆ ಆರು ಬಗೆಯ ಕಾಯಿಗಳಿದ್ದರೆ ಇವುಗಳಲ್ಲಿ ಹಲವಕ್ಕೆ ನೂರಾರು ಕಾಯಿಗಳಿರುತ್ತವೆ. ನೆಲ ಬಯಲೋ ಕೆಸರೋ, ದಂಡಿಗೆ ಅನ್ನ ಬಂದಿತೋ ಇಲ್ಲವೋ, ಹಿಂದಿನ ದಿನದ ಸೋಲಿನಿಂದ ಆಳುಗಳ ಎದೆ ಕುಗ್ಗಿದೆಯೋ ಇಲ್ಲವೋ ಎಂಬುದಕ್ಕೆಲ್ಲ ಬೇರೆಬೇರೆ ಲೆಕ್ಕವಿರುತ್ತದೆ. ಹೊಸದಾಗಿ ಕೂತವನು ನಿಯಮಗಳ ಪುಸ್ತಕ ತೆರೆದು, ಹತ್ತನೆಯ ಪುಟ ಮುಟ್ಟುವ ಮೊದಲೇ ಅದನ್ನು ಮುಚ್ಚಿಡುವುದು ಈ ಆಟಗಳ ಹಳೆಯ ಶಾಪ. ನಿಯಮಗಳು ಹೆಚ್ಚಾದದ್ದರಿಂದ ಹೀಗಾಗುತ್ತದೆಂದು ಸಾಮಾನ್ಯವಾಗಿ ಹೇಳುವುದುಂಟು, ಆದರೆ ಆ ಮಾತು ಅರ್ಧ ಮಾತ್ರ ನಿಜ. ಯಾವ ಪ್ರಶ್ನೆಗೆ ಉತ್ತರವಾಗಿ ಆ ನಿಯಮ ಹುಟ್ಟಿತೋ ಆ ಪ್ರಶ್ನೆಯು ಕಲಿಯುವವನ ಮನಸ್ಸಿನಲ್ಲಿ ಏಳುವ ಮೊದಲೇ ಉತ್ತರವನ್ನು ಅವನ ಮುಂದೆ ಸುರಿಯುವುದೇ ತೊಡಕಿನ ಮೂಲ. ಕಲಿಸುವವರಿಗೆ ಬೇಕಾದ ಸಾಮಗ್ರಿಯು ಹುಬ್ಬಳ್ಳಿ-ಧಾರವಾಡದ ಸೀಮೆಯಲ್ಲಿಯೇ, ಕಟ್ಟೆಯ ಆಟಗಳಲ್ಲಿ ಮತ್ತು ಕೋಟೆಯ ಇತಿಹಾಸದಲ್ಲಿ, ಕಾದು ಕುಳಿತಿದೆ.

ಹಳೇ ಹುಬ್ಬಳ್ಳಿಯೆಂದರೆ ಇಂದು ಸಿದ್ಧಾರೂಢ ಮಠ, ಚಾಲುಕ್ಯ ಶೈಲಿಯ ಭವಾನಿಶಂಕರ ಗುಡಿ, ಒಂದಕ್ಕೊಂದು ಅಂಟಿಕೊಂಡ ಓಣಿಗಳು ಕಣ್ಣಿಗೆ ಬರುತ್ತವೆ. ಆದರೆ ಮೂರು ಶತಮಾನಗಳ ಹಿಂದಿನ ನಕಾಶೆಯಲ್ಲಿ ಅದು ದಂಡುಗಳು ಕೈಯಿಂದ ಕೈಗೆ ದಾಟಿಸಿದ ಒಂದು ಮನೆ. ಹತ್ತಿಬಟ್ಟೆಯ ದೊಡ್ಡ ಪೇಟೆಯಾಗಿದ್ದ ಈ ಊರನ್ನು 1673ರಲ್ಲಿ ಶಿವಾಜಿಯ ದಂಡು ಸುಲಿಗೆ ಮಾಡಿದಾಗ ಅಲ್ಲಿದ್ದ ಇಂಗ್ಲಿಷ್ ಕಂಪನಿಯ ಕೋಠಿಯೂ ಲೂಟಿಯಾಯಿತು. ಮುಂದೆ ಸವಣೂರಿನ ನವಾಬರು, ಮರಾಠರು, ಹೈದರ್ ಅಲಿ ಎಂದು ಒಡೆತನ ಬದಲಾಗುತ್ತ ಹೋಗಿ, 1790ರಲ್ಲಿ ಊರು ಮತ್ತೆ ಮರಾಠರಿಗೆ ದಕ್ಕಿತು. ಹಳೆಯ ಊರು ಪೇಶ್ವೆಯ ಅಧೀನದಲ್ಲಿ ಫಡಕೆಯವರ ಕೈಯಲ್ಲಿ, ಹೊಸ ಊರು ಸಾಂಗಲಿಯ ಪಟವರ್ಧನರ ಕೈಯಲ್ಲಿ ಉಳಿದು, 1817ರಲ್ಲಿ ಮೊದಲನೆಯದೂ 1820ರಲ್ಲಿ ಎರಡನೆಯದೂ ಇಂಗ್ಲಿಷರ ಪಾಲಾದವು. ಇಂಥ ಊರಿನ ಮಕ್ಕಳು ದಂಡಿನಾಟವನ್ನು ಮೊದಲು ಕಾಣುವುದು ಯೂರೋಪಿನ ಕೋಟೆಗಳ, ಜಪಾನಿನ ಸರದಾರರ ರೂಪದಲ್ಲಿ ಎಂಬುದು ಸೋಜಿಗವೇನಲ್ಲ, ಏಕೆಂದರೆ ಆಟಗಳನ್ನು ಮಾಡಿದವರು ಅಲ್ಲಿಯವರು; ಆದರೆ ಕಲಿಸುವ ದಾರಿಯೂ ಅಲ್ಲಿಂದಲೇ ಬರಬೇಕೆಂಬ ನಿರ್ಬಂಧವಿಲ್ಲ.

ಯುದ್ಧವನ್ನು ಆಟವಾಗಿ ಕಲಿಸಿದ ಅತಿ ಹಳೆಯ ಬರಹಗಳಲ್ಲಿ ಒಂದು ಈ ನಾಡಿನದೇ ಆಗಿದೆ. ಕಲ್ಯಾಣದ ಚಾಲುಕ್ಯ ದೊರೆ ಮೂರನೆಯ ಸೋಮೇಶ್ವರನು ಸುಮಾರು 1129ರಲ್ಲಿ ಸಂಸ್ಕೃತದಲ್ಲಿ ರಚಿಸಿದ 'ಮಾನಸೋಲ್ಲಾಸ'ವು ಐದು ವಿಂಶತಿಗಳಲ್ಲಿ, ಅಂದರೆ ಇಪ್ಪತ್ತಿಪ್ಪತ್ತು ಅಧ್ಯಾಯಗಳ ಐದು ಭಾಗಗಳಲ್ಲಿ, ರಾಜನಾದವನು ತಿಳಿದಿರಬೇಕಾದ ಸಮಸ್ತವನ್ನೂ ಹೇಳುತ್ತದೆ. ಅದರ ಕೊನೆಯ ಭಾಗವಾದ ಕ್ರೀಡಾವಿಂಶತಿಯಲ್ಲಿ ಚದುರಂಗದ ವಿವರಣೆಯಿದೆ. 560ರಿಂದ 623ರವರೆಗಿನ ಈ ಶ್ಲೋಕಗಳತ್ತ ಬಹುಕಾಲ ಯಾರೂ ಗಮನ ಹರಿಸಿರಲಿಲ್ಲವೆಂದು ತೋರಿಸಿ, ಅವುಗಳನ್ನು ಚದುರಂಗದ ಇತಿಹಾಸಕಾರರ ಮುಂದಿಟ್ಟವರು ಜರ್ಮನ್ ವಿದ್ವಾಂಸ ಆಂಡ್ರಿಯಾಸ್ ಬಾಕ್-ರಾಮಿಂಗ್. (ಎಣಿಸಿದರೆ ಶ್ಲೋಕಗಳ ಸಂಖ್ಯೆ ಹಾಸಿನ ಮನೆಗಳಷ್ಟೇ, ಅರವತ್ತನಾಲ್ಕು, ಕಾಕತಾಳೀಯವಿರಬಹುದು, ಆದರೂ ಸೊಗಸಾಗಿದೆ.) ಕಲಿಕೆಯ ದೃಷ್ಟಿಯಿಂದ ಇಲ್ಲಿ ಮುಖ್ಯವಾದದ್ದು ಗ್ರಂಥದಲ್ಲಿ ವಿಷಯಗಳು ಬರುವ ಕ್ರಮ. ದುರ್ಗ, ಕೋಶ, ಬಲ ಮುಂತಾದ ರಾಜ್ಯದ ಅಂಗಗಳನ್ನು ಸೋಮೇಶ್ವರನು ಎರಡನೆಯ ಭಾಗದಲ್ಲಿಯೇ ವಿವರಿಸಿರುವುದರಿಂದ, ಓದುಗನು ಐದನೆಯ ಭಾಗದ ಆಟದ ದಂಡನ್ನು ಮುಟ್ಟುವ ಹೊತ್ತಿಗೆ ನಿಜವಾದ ದಂಡನ್ನು ಬಲ್ಲವನಾಗಿರುತ್ತಾನೆ. ಆನೆ ಏಕೆ ನೇರ ನುಗ್ಗುತ್ತದೆ, ಕುದುರೆ ಏಕೆ ಒಬ್ಬರ ತಲೆಯ ಮೇಲಿಂದ ಜಿಗಿಯಬಲ್ಲದು, ಕಾಲಾಳು ಏಕೆ ಹಿಂದಕ್ಕೆ ಹೆಜ್ಜೆ ಇಡುವುದಿಲ್ಲ ಎಂದು ಆ ಆಸ್ಥಾನದಲ್ಲಿ ಯಾರಿಗೂ ಬಿಡಿಸಿ ಹೇಳಬೇಕಾಗಿರಲಿಲ್ಲ. ರಥ, ಗಜ, ತುರಗ, ಪದಾತಿ ಎಂಬ ನಾಲ್ಕು ಅಂಗಗಳ ಸೈನ್ಯವೇ ಚತುರಂಗ ಬಲವಾದ್ದರಿಂದ ಆಟದ ಹೆಸರೇ ಅದರ ಅರ್ಧ ಪಾಠವಾಗಿತ್ತು. ಇಂದಿನ ಹುಡುಗನಿಗೆ ಆನೆಯು ಅಂಬಾರಿಯ ಪ್ರಾಣಿ. ಅದರ ನಡೆಗೂ ರಣರಂಗಕ್ಕೂ ಇದ್ದ ನಂಟು ಕಡಿದುಹೋಗಿರುವಾಗ, ನಿಯಮ ಉಳಿದು ಕಾರಣ ಅಳಿದಿದೆ. ಕಲಿಸುವವನ ಮೊದಲ ಕೆಲಸವೆಂದರೆ ಆ ಕಾರಣವನ್ನು ಮರಳಿ ತಂದುಕೊಡುವುದು.

ಆದರೆ ಮೊದಲ ದಿನ ಚದುರಂಗದಿಂದ ತೊಡಗುವುದೂ ಅವಸರವೇ. ಅದಕ್ಕಿಂತ ಒಳ್ಳೆಯ ಬಾಲಬೋಧೆ ಹುಲಿ-ಕುರಿ ಆಟ. ದಕ್ಷಿಣ ಭಾರತದ ಉದ್ದಗಲಕ್ಕೂ ಬೇರೆಬೇರೆ ರೂಪಗಳಲ್ಲಿ ಕಂಡುಬರುವ ಈ ಆಟದ ಒಂದು ರೂಪಕ್ಕೆ ನೆಲದ ಮೇಲೆ ಒಂದು ಗೋಪುರದಂಥ ತ್ರಿಕೋನವನ್ನು ಬರೆದು, ತುದಿಯಿಂದ ಬುಡದವರೆಗೆ ಗೆರೆಗಳನ್ನು ಇಳಿಸಿ, ಅವುಗಳನ್ನು ಅಡ್ಡಗೆರೆಗಳಿಂದ ಕಡಿದರೆ ಗೆರೆಗಳು ಕೂಡುವ 23 ನೆಲೆಗಳು ದೊರೆಯುತ್ತವೆ. ಒಬ್ಬನ ಕೈಯಲ್ಲಿ 3 ಹುಲಿ, ಇನ್ನೊಬ್ಬನ ಕೈಯಲ್ಲಿ 15 ಕುರಿ. ಕುರಿಯವನು ಸರದಿಗೊಂದರಂತೆ ಕುರಿಗಳನ್ನು ಹೂಡುತ್ತ ಹೋಗುತ್ತಾನೆ. ಹದಿನೈದೂ ಹಾಸಿನ ಮೇಲೆ ಬರುವವರೆಗೆ ಒಂದೂ ಕದಲುವಂತಿಲ್ಲ. ಹುಲಿಯು ಪಕ್ಕದ ಕುರಿಯನ್ನು ಹಾರಿ ಅದರಾಚೆಯ ಬರಿದಾದ ನೆಲೆಗೆ ಇಳಿದರೆ ಕುರಿ ಹೋಯಿತು. ಮೂರೂ ಹುಲಿಗಳು ಅಲುಗಾಡದಂತೆ ಸುತ್ತ ಕಟ್ಟಿಬಿಟ್ಟರೆ ಕುರಿಗಳು ಗೆದ್ದವು. ಇಷ್ಟೇ ನಿಯಮ, ಐದು ನಿಮಿಷದಲ್ಲಿ ಹೇಳಿ ಮುಗಿಸಬಹುದು.

ಹೇಳಿ ಮುಗಿದ ಮೇಲೆ ಏನಾಗುತ್ತದೆಂಬುದನ್ನು ಹತ್ತಿರದಿಂದ ನೋಡಬೇಕು. ಹೊಸಬನು ಕುರಿ ಹಿಡಿದರೆ ಮೊದಲ ಕುರಿಯನ್ನು ಹೆಚ್ಚಾಗಿ ಹಾಸಿನ ನಡುವೆ, ಹುಲಿಯ ಮಗ್ಗುಲಲ್ಲಿಯೇ ಇಡುತ್ತಾನೆ, ಮರುಸರದಿಯಲ್ಲಿ ಅದನ್ನು ಕಳೆದುಕೊಳ್ಳುತ್ತಾನೆ. ನಾಲ್ಕೈದು ಕುರಿ ಹೋದ ಮೇಲೆ ಅವನ ಕಣ್ಣು ಕುರಿಯಿಂದ ಕುರಿಯ ಹಿಂದಿನ ನೆಲೆಯತ್ತ ಸರಿಯುತ್ತದೆ: ಹುಲಿ ಹಾರಬೇಕಾದರೆ ಇಳಿಯಲು ಜಾಗ ಬೇಕು, ಆ ಜಾಗದಲ್ಲಿ ಇನ್ನೊಂದು ಕುರಿ ಕೂತಿದ್ದರೆ ಮುಂದಿನ ಕುರಿಗೆ ಭಯವಿಲ್ಲ, ಹಾಸಿನ ಅಂಚಿನಲ್ಲಿದ್ದರೆ ಹಿಂದೆ ನೆಲೆಯೇ ಇಲ್ಲದ್ದರಿಂದ ಆ ಕಡೆಯಿಂದ ಹಾರಲು ಬರುವುದೇ ಇಲ್ಲ. ಯುದ್ಧಶಾಸ್ತ್ರದಲ್ಲಿ ಬೆಂಬಲ ಪಡೆ ಎಂದು ಕರೆಯುವುದನ್ನೂ ಬೆನ್ನಿಗೆ ನದಿಯನ್ನೋ ಬೆಟ್ಟವನ್ನೋ ಇಟ್ಟುಕೊಂಡು ನಿಲ್ಲುವುದರ ಲಾಭವನ್ನೂ ಅವನು ಯಾರೂ ಹೇಳದೆಯೇ, ಐದು ಕುರಿಗಳ ಬೆಲೆಗೆ ಕಲಿತಿರುತ್ತಾನೆ. ಮುಂದಿನ ಆಟದಲ್ಲಿ ಹುಲಿಯನ್ನು ಅವನ ಕೈಗೆ ಕೊಟ್ಟರೆ ಇನ್ನೊಂದು ಪಾಠ ತಾನಾಗಿ ಬರುತ್ತದೆ. ಎಷ್ಟೇ ಬಲವಿದ್ದರೂ ಕುರಿ ತಿನ್ನುವ ಆಸೆಗೆ ಮೂಲೆ ಹೊಕ್ಕ ಹುಲಿಗೆ ಹೊರಬರುವ ದಾರಿ ಮುಚ್ಚುತ್ತದೆ. ಎರಡೂ ಕಡೆ ಸಮಬಲವಿರುವ ಚದುರಂಗವು ಈ ಪಾಠವನ್ನು ಇಷ್ಟು ಬೇಗ ಕಲಿಸಲಾರದು. ಇತಿಹಾಸದ ಯುದ್ಧಗಳಾದರೋ ಸಮಬಲದವರ ನಡುವೆ ನಡೆದದ್ದು ಅಪರೂಪ. ಒಬ್ಬನಲ್ಲಿ ಕೋಟೆ, ಇನ್ನೊಬ್ಬನಲ್ಲಿ ತೋಪು, ಒಬ್ಬನಿಗೆ ಜನ, ಇನ್ನೊಬ್ಬನಿಗೆ ವೇಗ. ಈ ಕಾರಣದಿಂದ ದಂಡಿನಾಟಕ್ಕೆ ಚದುರಂಗಕ್ಕಿಂತ ಹುಲಿ-ಕುರಿಯೇ ಹತ್ತಿರದ ನೆಂಟ ಎಂದು ಹೇಳಿದರೆ ತಪ್ಪಾಗಲಾರದು.

ಚದುರಂಗಕ್ಕೆ ಬಂದಾಗ ಕಾಯಿಗಳನ್ನೆಲ್ಲ ಒಟ್ಟಿಗೆ ಹೂಡದೆ ಒಂದೊಂದನ್ನೇ ಪರಿಚಯಿಸುವ ಪದ್ಧತಿ ಹಳೆಯದು, ಮತ್ತು ಅದರ ಅತ್ಯಂತ ಚೆಲುವಾದ ರೂಪ ಕುದುರೆಯ ನಡಿಗೆ. ಬರಿದಾದ ಹಾಸಿನ ಮೇಲೆ ಕುದುರೆಯೊಂದನ್ನೇ ಇಟ್ಟು, ಯಾವ ಮನೆಯನ್ನೂ ಎರಡು ಬಾರಿ ತುಳಿಯದಂತೆ ಅರವತ್ತನಾಲ್ಕು ಮನೆಗಳನ್ನೂ ಸುತ್ತಿಸಬೇಕು. ಒಂಬತ್ತನೆಯ ಶತಮಾನದ ಅಲಂಕಾರಿಕ ರುದ್ರಟನು ಇದನ್ನೇ ಚಿತ್ರಕಾವ್ಯದ ತುರಗಪದ ಬಂಧವಾಗಿಸಿದನು: ಅನುಷ್ಟುಪ್ ಶ್ಲೋಕದ 32 ಅಕ್ಷರಗಳನ್ನು ಅರ್ಧ ಹಾಸಿನ 32 ಮನೆಗಳಲ್ಲಿ ಬರೆದು, ಸಾಲಾಗಿ ಓದಿದರೂ ಕುದುರೆಯ ನಡೆಯಂತೆ ಓದಿದರೂ ಅದೇ ಶ್ಲೋಕ ಬರುವಂತೆ ಹೆಣೆದನು. ಮೈಸೂರಿನ ಮುಮ್ಮಡಿ ಕೃಷ್ಣರಾಜ ಒಡೆಯರು (1794–1868) ಈ ಕುದುರೆ ನಡಿಗೆಯ ಹಲವು ಸಮಸ್ಯೆಗಳನ್ನು ಸ್ವತಃ ಹೆಣೆದರು. ಒಂಬತ್ತು ನಿಧಿಗಳಾಗಿ ಹಂಚಿಕೊಂಡಿರುವ ಅವರ 'ಶ್ರೀತತ್ತ್ವನಿಧಿ'ಯ ಕೊನೆಯದಾದ ಕೌತುಕನಿಧಿಯು ಆಟಗಳಿಗೆ ಮೀಸಲಾದ ಅಪೂರ್ವ ಭಂಡಾರ. ಅದೇ ದೊರೆ ರೂಪಿಸಿದ ಚಾಮುಂಡೇಶ್ವರಿ ಛದ್ ಎಂಬ ಎಲೆಯಾಟಕ್ಕೆ 320 ಎಲೆಗಳಿದ್ದವೆಂಬುದನ್ನೂ ಇಲ್ಲಿ ನೆನೆಯಬೇಕು. ಕುದುರೆ ನಡಿಗೆ ದೇಶಾಂತರ ಹೋಯಿತು, 320 ಎಲೆಗಳ ಆಟ ಅರಮನೆಯಾಚೆಗೆ ಬಳಕೆಗೆ ಬರಲಿಲ್ಲ. ಒಬ್ಬನೇ ಮನುಷ್ಯನ ಬುದ್ಧಿಯಿಂದ ಹುಟ್ಟಿದ ಎರಡು ಕೃತಿಗಳ ಗತಿ ಹೀಗೆ ಬೇರೆಯಾದದ್ದು ಕಲಿಸುವವರು ತುಸು ನಿಂತು ನೋಡಬೇಕಾದ ಸಂಗತಿ.

ಹೊಸಬರೆಂದರೆ ಏನೂ ತಿಳಿಯದವರು ಮಾತ್ರವಲ್ಲ, ಬೇರೆ ನಿಯಮಗಳನ್ನು ಕಲಿತು ಬಂದವರೂ ಹೊಸಬರೇ. ಭಾರತೀಯ ಚದುರಂಗದ ಹಳೆಯ ಪದ್ಧತಿಗಳಲ್ಲಿ ಕಾಲಾಳು ಮೊದಲ ನಡೆಯಲ್ಲಿಯೂ ಒಂದೇ ಮನೆ ಹೋಗುತ್ತಿತ್ತು, ರಾಜನು ಆಟದಲ್ಲಿ ಒಮ್ಮೆ ಕುದುರೆಯಂತೆ ಜಿಗಿಯಬಹುದಿತ್ತು. ಅಂಥ ಪದ್ಧತಿಯಲ್ಲಿ ಬೆಳೆದ ಪಂಜಾಬಿನ ಮೀರ್ ಸುಲ್ತಾನ್ ಖಾನ್ ಪಾಶ್ಚಾತ್ಯ ನಿಯಮಗಳನ್ನು ವಯಸ್ಸಿಗೆ ಬಂದ ಮೇಲೆ ಕಲಿತು, 1929, 1932 ಮತ್ತು 1933ರಲ್ಲಿ ಬ್ರಿಟಿಷ್ ಚಾಂಪಿಯನ್ ಆದನು. ಆಟದ ಮೊದಲ ಹತ್ತು ನಡೆಗಳಲ್ಲಿ ತಡವರಿಸುತ್ತಿದ್ದ ಅವನು ಕೊನೆಯ ಹಂತದಲ್ಲಿ, ಅಂದರೆ ಹಾಸಿನ ಮೇಲೆ ಕೆಲವೇ ಕಾಯಿಗಳು ಉಳಿದಾಗ, ಸರಿಸಾಟಿಯಿಲ್ಲದವನಾಗಿರುತ್ತಿದ್ದನು. ಆಟವನ್ನು ಕೊನೆಯಿಂದ ಕಲಿಸಬೇಕು, ರಾಜನೊಬ್ಬ ಕಾಲಾಳೊಬ್ಬ ಉಳಿದ ಸ್ಥಿತಿಯಿಂದ ಹಿಂದಕ್ಕೆ ನಡೆಯಬೇಕು ಎಂಬ ಚದುರಂಗದ ಗುರುಗಳ ಮಾತಿಗೆ ಇದಕ್ಕಿಂತ ಒಳ್ಳೆಯ ಸಾಕ್ಷಿ ಬೇಕಿಲ್ಲ.

ಯೂರೋಪಿನಲ್ಲಿ ದಂಡಿನಾಟ ಹುಟ್ಟಿದ್ದೂ ಚದುರಂಗದ ಹೊಟ್ಟೆಯಿಂದಲೇ. ಜರ್ಮನಿಯ ಬ್ರೌನ್‌ಷ್ವೈಗ್‌ನಲ್ಲಿ ಪಾಠ ಹೇಳುತ್ತಿದ್ದ ಹೆಲ್‌ವಿಗ್ ಎಂಬವನು 1780ರಲ್ಲಿ ಪ್ರಕಟಿಸಿದ ಯುದ್ಧದಾಟಕ್ಕೆ 1617 ಮನೆಗಳಿದ್ದವು; ನೆಲದ ಗುಣಕ್ಕೆ ತಕ್ಕಂತೆ ಮನೆಗಳಿಗೆ ಬಣ್ಣ ಹಚ್ಚಿದ್ದರೂ, ಚದುರಂಗ ಬಲ್ಲವರಿಗೆ ಸಲೀಸಾಗಿ ಹತ್ತಲೆಂದು ಕಾಯಿಗಳ ನಡೆಗಳನ್ನು ಅವನು ಅಲ್ಲಿಂದಲೇ ತೆಗೆದುಕೊಂಡನು. ಪ್ರಷ್ಯಾದ ಸೇನೆಯ ಅಧಿಕಾರಿ ರೈಸ್ವಿಟ್ಸ್ 1824ರಲ್ಲಿ ಮನೆಗಳನ್ನೇ ಕೈಬಿಟ್ಟು, ನಿಜವಾದ ಭೂಪಟದ ಮೇಲೆ ಕೆಂಪು-ನೀಲಿ ತುಂಡುಗಳನ್ನು ಸರಿಸುವ 'ಕ್ರೀಗ್ಸ್‌ಷ್ಪೀಲ್' ಎಂಬ ಆಟವನ್ನು ರೂಪಿಸಿದನು. ಅದರ ಒಂದು ಸರದಿಯೆಂದರೆ ಎರಡು ನಿಮಿಷದ ಯುದ್ಧ, ದಾಳ ಎಸೆದು ಕೋಷ್ಟಕ ನೋಡಿ ಸತ್ತವರ ಲೆಕ್ಕ ಹಾಕಬೇಕು. ಕೋಷ್ಟಕಗಳು ಹೆಚ್ಚುತ್ತ ಹೋಗಿ, ತರುಣ ಅಧಿಕಾರಿಗಳು ಆಟದ ಹತ್ತಿರ ಸುಳಿಯದಂತಾದಾಗ, 1876ರಲ್ಲಿ ವೆರ್ಡಿ ದ್ಯು ವೆರ್ನುವಾ ಎಂಬ ಸೇನಾನಿ ಒಂದು ದಿಟ್ಟ ಸಲಹೆ ಕೊಟ್ಟನು: ದಾಳವೂ ಬೇಡ, ಕೋಷ್ಟಕವೂ ಬೇಡ, ಅನುಭವಸ್ಥ ನಡುವಣಿಗನೊಬ್ಬ ಕೂತು, ಆಟಗಾರರು ಅಪ್ಪಣೆ ಕೊಟ್ಟಂತೆ ಕೇಳಿಕೊಂಡು, ಫಲವೇನಾಯಿತೆಂದು ತಾನೇ ಹೇಳಲಿ. ನಿಯಮಗಳ ಭಾರವನ್ನು ಕಲಿಯುವವನ ತಲೆಯಿಂದ ಇಳಿಸಿ ಕಲಿಸುವವನ ತಲೆಗೆ ಏರಿಸಿದ ಈ ಏರ್ಪಾಡು ಇಂದಿಗೂ ಹೊಸಬರನ್ನು ಕೂರಿಸಿಕೊಳ್ಳಲು ಅತ್ಯುತ್ತಮ ಉಪಾಯ. ನಡುವಣಿಗನು ಮೌನವಾಗಿರಬಲ್ಲವನಾಗಿರಬೇಕು ಎಂಬ ಷರತ್ತನ್ನು ಮಾತ್ರ ಸೇರಿಸಬೇಕು. ಕಟ್ಟೆಯ ಮೇಲೆ ಆಟ ನೋಡಲು ಕೂತು ಎರಡೂ ಕಡೆಯವರಿಗೆ ನಡೆ ಹೇಳಿಕೊಡುವ ಹಿರಿಯರಿಂದ ಹುಬ್ಬಳ್ಳಿಯ ಯಾವ ಓಣಿಯೂ ಮುಕ್ತವಾಗಿಲ್ಲ.

ಇಪ್ಪತ್ತನೆಯ ಶತಮಾನದ ಅಮೆರಿಕೆಯಲ್ಲಿ ಈ ಆಟಗಳು ಪೆಟ್ಟಿಗೆಯಲ್ಲಿ ಮಾರಾಟಕ್ಕೆ ಬಂದ ಮೇಲೆ ಮನೆಮನೆಗೆ ನಡುವಣಿಗನನ್ನು ಕಳಿಸುವುದು ಸಾಧ್ಯವಿರಲಿಲ್ಲವಾದ್ದರಿಂದ ಪುಸ್ತಕವೇ ಗುರುವಾಗಬೇಕಾಯಿತು. 1977ರ 'ಸ್ಕ್ವಾಡ್ ಲೀಡರ್' ಎಂಬ ಆಟ ಹನ್ನೆರಡು ಪ್ರಸಂಗಗಳನ್ನು ಸಾಲಾಗಿ ಜೋಡಿಸಿ, ಮೊದಲನೆಯದಕ್ಕೆ ಕಾಲಾಳು ಮತ್ತು ಬಂದೂಕಿನ ನಿಯಮಗಳಷ್ಟನ್ನೇ ಓದಿಸಿ, ಟ್ಯಾಂಕು ಮೊದಲಾದವುಗಳನ್ನು ಮುಂದಿನ ಪ್ರಸಂಗಗಳಿಗೆ ತಡೆದಿಟ್ಟಿತು. 1999ರಲ್ಲಿ ಬಂದ ಕಂಪ್ಯೂಟರ್ ಆಟ 'ಏಜ್ ಆಫ್ ಎಂಪೈರ್ಸ್'ನ ಎರಡನೆಯ ಭಾಗದಲ್ಲಿಯೂ ಸ್ಕಾಟ್ಲೆಂಡಿನ ವಿಲಿಯಂ ವಾಲೇಸನ ಕಥೆಯ ಏಳು ಹಂತಗಳು ಕಲಿಯುವವರಿಗೇ ಮೀಸಲಾಗಿದ್ದವು; ಮೊದಲ ಹಂತದಲ್ಲಿ ದಂಡನ್ನು ಒಂದೆಡೆಯಿಂದ ಇನ್ನೊಂದೆಡೆಗೆ ನಡೆಸಿ ಕಾದುವುದನ್ನು ಕಲಿತರೆ ಸಾಕಿತ್ತು. ಇಂದು ಮೊಬೈಲಿನಲ್ಲಿ ಓಡಾಡುವ ಅನೇಕ ಆಟಗಳು ಬೆರಳಿನ ಗುರುತು ತೋರಿಸಿ, ಇಲ್ಲಿ ಒತ್ತು, ಅಲ್ಲಿ ಒತ್ತು ಎಂದು ಕೈ ಹಿಡಿದು ನಡೆಸುತ್ತವೆ. ಒತ್ತಿದವನಿಗೆ ಎಲ್ಲಿ ಒತ್ತಬೇಕೆಂದು ತಿಳಿಯುತ್ತದೆ, ಏಕೆ ಒತ್ತಬೇಕೆಂದು ತಿಳಿಯುವುದಿಲ್ಲ. ಹುಲಿ-ಕುರಿಯಲ್ಲಿ ಐದು ಕುರಿ ಕಳೆದುಕೊಂಡವನಿಗೆ ಸಿಕ್ಕಿದ್ದು ಇಲ್ಲಿ ಸಿಗುವುದಿಲ್ಲ, ಏಕೆಂದರೆ ಒತ್ತಿದವನಿಗೆ ಸೋಲಲು ಎಡೆಯನ್ನೇ ಕೊಟ್ಟಿರುವುದಿಲ್ಲ.

ಹುಬ್ಬಳ್ಳಿಯಿಂದ ಇಪ್ಪತ್ತು ಕಿಲೋಮೀಟರಿನ ಆಸುಪಾಸಿನಲ್ಲಿ, ದಂಡಿನಾಟದ ಮೊದಲ ಪಾಠಕ್ಕೆಂದೇ ನಡೆಯಿತೇನೋ ಎನ್ನುವಂಥ ಯುದ್ಧವೊಂದು ನಡೆದಿದೆ. ಮೂರನೆಯ ಮೈಸೂರು ಯುದ್ಧದ ಕಾಲದಲ್ಲಿ, 1790ರ ಸೆಪ್ಟೆಂಬರಿನಿಂದ 1791ರ ಏಪ್ರಿಲ್ ಮೊದಲ ವಾರದವರೆಗೆ, ಮರಾಠಾ ಸರದಾರ ಪರಶುರಾಮ ಭಾವೂ ಪಟವರ್ಧನನು ಧಾರವಾಡದ ಕೋಟೆಗೆ ಮುತ್ತಿಗೆ ಹಾಕಿದ್ದನು. ಅವನ ನೆರವಿಗೆ ಕ್ಯಾಪ್ಟನ್ ಲಿಟಲ್‌ನ ಕೈಕೆಳಗೆ ಮುಂಬಯಿಯಿಂದ ಬಂದ ಇಂಗ್ಲಿಷ್ ಪಡೆಯೊಂದಿತ್ತು. ಒಳಗೆ ಟಿಪ್ಪೂ ಸುಲ್ತಾನನ ಕಿಲ್ಲೇದಾರ ಬದ್ರುಜ್ಜಮಾನ್ ಖಾನ್. ಇಂಗ್ಲಿಷ್ ಪಡೆಯಲ್ಲಿದ್ದ ತರುಣ ಅಧಿಕಾರಿ ಎಡ್ವರ್ಡ್ ಮೂರ್ 1794ರಲ್ಲಿ ಪ್ರಕಟಿಸಿದ ವೃತ್ತಾಂತದಲ್ಲಿ ಮುತ್ತಿಗೆಯ ವೈಖರಿಯನ್ನು ತುಸು ಕುಹಕದಿಂದಲೇ ಬಣ್ಣಿಸಿದ್ದಾನೆ: ತೋಪಿಗೆ ಮದ್ದು ತುಂಬಿದ ಮೇಲೆ ಗೋಲಂದಾಜರೆಲ್ಲ ಕುಳಿತು ಅರ್ಧ ಗಂಟೆ ಹರಟೆ ಹೊಡೆದು ಹುಕ್ಕಾ ಸೇದುತ್ತಿದ್ದರು, ಆಮೇಲೆ ತೋಪು ಹಾರಿಸಿ, ಗೋಡೆಯಿಂದ ಧೂಳೆದ್ದರೆ ತೃಪ್ತಿಪಟ್ಟು ಮತ್ತೆ ಮದ್ದು ತುಂಬಿ ಹರಟೆಗೆ ಕೂರುತ್ತಿದ್ದರು, ಮಧ್ಯಾಹ್ನದ ಊಟದ ಹೊತ್ತಿಗೆ ಎರಡು ಗಂಟೆಗಳ ಕಾಲ ಎರಡೂ ಕಡೆಯವರು ಗುಂಡು ಹಾರಿಸುವುದೇ ವಿರಳವಾಗಿತ್ತು. ಇಂಗ್ಲಿಷ್ ಅಧಿಕಾರಿಯ ಬರಹವಾದ್ದರಿಂದ ಅದರಲ್ಲಿ ಮರಾಠರ ಬಗೆಗಿನ ತಾತ್ಸಾರವೂ ಸೇರಿದೆಯೆಂದು ಹಿಡಿಯಬೇಕು. ಆದರೂ ಈ ವರ್ಣನೆಯಿಂದ ಹೊಸಬರಿಗೆ ಒಂದು ಪುಟ್ಟ ಆಟವನ್ನು ಕಟ್ಟಬಹುದು.

ಗೋಡೆಗೆ 12 ಹರಳು, ಹೊರಗಿನವನ ಮದ್ದಿಗೆ 24 ಹುಣಸೆ ಬೀಜ. ಒಂದು ಬೀಜ ಖರ್ಚಾದರೆ ಗೋಡೆಯ ಒಂದು ಹರಳು ಬೀಳುತ್ತದೆ. ಹೊರಗಿನವನು ಮುತ್ತಿಗೆಯ ಆರಂಭದಲ್ಲಿಯೇ ದಿನಕ್ಕೆ ಎಷ್ಟು ಬೀಜವೆಂದು ಗೊತ್ತುಮಾಡಿ ಹಾಗೆಯೇ ನಡೆಯಬೇಕು. ರಾತ್ರಿ ಒಳಗಿನವನು ಎರಡು ಹರಳುಗಳನ್ನು ಮರಳಿ ಇಟ್ಟು ಗೋಡೆಯನ್ನು ಸರಿಪಡಿಸುತ್ತಾನೆ. ಗೋಡೆಯಲ್ಲಿ ಒಂದೂ ಹರಳು ಉಳಿಯದಿದ್ದರೆ ಕೋಟೆ ಬಿದ್ದಂತೆ. ಜಿಪುಣನಾದ ಹೊಸಬನು ದಿನಕ್ಕೆ ಎರಡೇ ಬೀಜ ಖರ್ಚು ಮಾಡುತ್ತಾನೆ. ಹನ್ನೆರಡು ದಿನಗಳ ಮೇಲೆ ಮದ್ದೆಲ್ಲ ತೀರಿ, ಮರುದಿನ ಬೆಳಗ್ಗೆ ಗೋಡೆ ಮೊದಲಿದ್ದಂತೆಯೇ ಹನ್ನೆರಡು ಹರಳುಗಳಿಂದ ನಗುತ್ತಿರುತ್ತದೆ. ದಿನಕ್ಕೆ ಮೂರರಂತೆ ಹಾರಿಸಿದವನದು ಇನ್ನೂ ಕರುಣಾಜನಕ ಸ್ಥಿತಿ, ಎಂಟನೆಯ ಸಂಜೆ ಗೋಡೆಯಲ್ಲಿ ಎರಡೇ ಹರಳು ಉಳಿದಿರುವಾಗ ಅವನ ಕೊನೆಯ ಬೀಜ ಮುಗಿದುಹೋಗುತ್ತದೆ. ದಿನಕ್ಕೆ ನಾಲ್ಕು ಹಾರಿಸಿದವನು ಐದನೆಯ ದಿನವೇ ಒಳನುಗ್ಗುತ್ತಾನೆ, ಮತ್ತು ಅವನ ಬಳಿ ಇನ್ನೂ ನಾಲ್ಕು ಬೀಜ ಮಿಕ್ಕಿರುತ್ತವೆ. ಉಳಿತಾಯ ಮಾಡಹೋದವನೇ ಹೆಚ್ಚು ಕಳೆದುಕೊಂಡನೆಂಬ ಈ ವಿಚಿತ್ರವನ್ನು ಕೈಯಾರೆ ಎಣಿಸಿ ಕಂಡ ಹುಡುಗಿಗೆ, ಮೂರ್ ಏಕೆ ಅಷ್ಟು ಸಿಡಿಮಿಡಿಗೊಂಡನೆಂದು ವಿವರಿಸುವ ಅಗತ್ಯವೇ ಬೀಳುವುದಿಲ್ಲ. ಹಾಗಾದರೆ ಭಾವೂ ದಿನಕ್ಕೆ ನಾಲ್ಕು ಏಕೆ ಹಾರಿಸಲಿಲ್ಲ ಎಂದು ಅವಳೇ ಕೇಳುತ್ತಾಳೆ. ಎರಡನೆಯ ಪಾಠದ ಬಾಗಿಲು ತೆರೆಯುವುದು ಆ ಪ್ರಶ್ನೆಯಿಂದ: ಮದ್ದು ಎಲ್ಲಿಂದ ಬರಬೇಕು, ಎತ್ತಿನ ಬಂಡಿ ದಿನಕ್ಕೆ ಎಷ್ಟು ದೂರ ನಡೆಯುತ್ತದೆ, ಮಳೆಗಾಲ ಈಗಷ್ಟೇ ಮುಗಿದ ಎರೆಮಣ್ಣಿನ ದಾರಿಯಲ್ಲಿ ಭಾರೀ ತೋಪು ಹೂತುಹೋದರೆ ಯಾರು ಎತ್ತುತ್ತಾರೆ. ಆಗ ಬುತ್ತಿಯ ನಿಯಮವನ್ನು, ಅಂದರೆ ದಂಡಿಗೆ ಅನ್ನವೂ ಮದ್ದೂ ತಲುಪುವ ದಾರಿಯ ಲೆಕ್ಕವನ್ನು, ಮುಂದಿಡಬೇಕು. ಅದಕ್ಕೆ ಮೊದಲು ಇಟ್ಟಿದ್ದರೆ ಅದು ಬರೀ ಇನ್ನೊಂದು ಪುಟವಾಗುತ್ತಿತ್ತು.

ಮೂರನೆಯ ಪಾಠಕ್ಕೆ ನಕಾಶೆಯನ್ನು ದೊಡ್ಡದು ಮಾಡಬೇಕಾಗುತ್ತದೆ. ಇಂಗ್ಲಿಷರ ಕರ್ನಲ್ ಫ್ರೆಡೆರಿಕ್ ಮುತ್ತಿಗೆಯ ನಡುವೆಯೇ ತೀರಿಕೊಂಡನು, ಕೊನೆಗೆ ಕೋಟೆ ಬಿದ್ದದ್ದು ಗೋಡೆ ಒಡೆದು ನುಗ್ಗಿದ್ದರಿಂದಲ್ಲ, ಒಳಗಿನವರು ಷರತ್ತಿನ ಮೇಲೆ ಒಪ್ಪಿಸಿದ್ದರಿಂದ. ಹಾಗಿದ್ದರೆ ಸೋತವರು ಯಾರು? 1791ರ ಮೇ ತಿಂಗಳಲ್ಲಿ ಗವರ್ನರ್ ಜನರಲ್ ಕಾರ್ನ್‌ವಾಲಿಸ್ ಶ್ರೀರಂಗಪಟ್ಟಣದ ಹೊಸ್ತಿಲವರೆಗೆ ಬಂದು, ಅರಕೆರೆಯ ಕಾಳಗವನ್ನು ಗೆದ್ದೂ, ದಂಡಿಗೆ ಅನ್ನವಿಲ್ಲದೆ ತನ್ನ ಭಾರೀ ತೋಪುಗಳನ್ನು ತಾನೇ ಒಡೆಸಿಹಾಕಿ ಹಿಂದಿರುಗಿದನು. ಧಾನ್ಯದ ಬಂಡಿಗಳೊಂದಿಗೆ ಮರಾಠಾ ದಂಡು ಅವನನ್ನು ಕೂಡಿಕೊಂಡದ್ದು ಅವನು ಹಿಮ್ಮೆಟ್ಟುತ್ತಿದ್ದ ದಾರಿಯಲ್ಲಿ. ಧಾರವಾಡದ ಗೋಡೆಯ ಮುಂದೆ ಹುಕ್ಕಾ ಸೇದುತ್ತ ಕಳೆದ ಆರೂವರೆ ತಿಂಗಳ ಬೆಲೆಯನ್ನು ಶ್ರೀರಂಗಪಟ್ಟಣದಲ್ಲಿ ತೆರಬೇಕಾಯಿತೆಂದರೆ ಅತಿಶಯೋಕ್ತಿಯಾಗದು. ಕೋಟೆಯನ್ನು ಕಳೆದುಕೊಂಡ ಬದ್ರುಜ್ಜಮಾನ್ ಖಾನನು ತನ್ನ ಒಡೆಯನಿಗೆ ಒಂದು ವರುಷದ ಕಾಲಾವಕಾಶವನ್ನು ಗೆದ್ದುಕೊಟ್ಟಿದ್ದನು. ಎದುರಾಳಿಯ ಕಾಯಿಗಳನ್ನೆಲ್ಲ ಹೊಡೆಯುವುದೇ ಗೆಲುವೆಂದು ನಂಬಿಕೊಂಡು ಬಂದ ಆಟಗಾರನಿಗೆ ಇದು ತಲೆಕೆಳಗಾದ ಲೋಕದಂತೆ ಕಂಡರೂ, ಹುಲಿ-ಕುರಿ ಆಡಿದವನಿಗೆ ಅಷ್ಟು ಹೊಸದಲ್ಲ. ಅಲ್ಲಿಯೂ ಕುರಿಗಳು ಒಂದೇ ಒಂದು ಹುಲಿಯನ್ನೂ ಕೊಲ್ಲದೆ ಗೆಲ್ಲುತ್ತವೆ.

ಭಾಷೆಯ ಮಾತನ್ನು ಇಲ್ಲಿ ಆಡಲೇಬೇಕು. ದಂಡಿನಾಟಗಳ ನಿಯಮಗಳು ಇಂಗ್ಲಿಷಿನಲ್ಲಿರುವುದರಿಂದ ಅವುಗಳ ಒಂದೊಂದು ಪದವೂ ಹಳೇ ಹುಬ್ಬಳ್ಳಿಯ ಕನ್ನಡ ಶಾಲೆಯ ಹುಡುಗನಿಗೆ ಎರಡು ಬೀಗದ ಬಾಗಿಲು: ಮೊದಲು ಪದದ ಅರ್ಥ, ಆಮೇಲೆ ಅದರ ಹಿಂದಿನ ವಿಚಾರ. ಹುಲಿ-ಕುರಿ ಮತ್ತು ಚದುರಂಗಗಳು ಈಗಾಗಲೇ ಕೊಟ್ಟಿರುವ ಕಾಯಿ, ಮನೆ, ನಡೆ, ಹೊಡೆ, ಕಟ್ಟು ಎಂಬ ಐದು ಪದಗಳಿಗೆ ದಂಡು, ಠಾಣೆ, ಬುತ್ತಿ, ಬುರುಜು, ಕಂದಕ, ಮುತ್ತಿಗೆ ಎಂಬ ಊರ ಬಾಯಿಯ ಪದಗಳನ್ನು ಸೇರಿಸಿದರೆ ನಿಯಮಪುಸ್ತಕದ ಬಹುಪಾಲು ಕನ್ನಡದಲ್ಲಿ ನಿಲ್ಲುತ್ತದೆ. ಸುತ್ತುವರಿದು ಅಲುಗಾಡದಂತೆ ಮಾಡುವುದಕ್ಕೂ ನೇರ ಹೊಡೆದು ತೆಗೆಯುವುದಕ್ಕೂ ಇರುವ ವ್ಯತ್ಯಾಸವನ್ನು ವಿವರಿಸಲು ಇತರ ಭಾಷೆಗಳ ಪುಸ್ತಕಗಳು ಪುಟ ವ್ಯಯಿಸುತ್ತವೆ. ಕಟ್ಟುವುದು, ಹೊಡೆಯುವುದು ಎಂಬ ಎರಡು ಕ್ರಿಯಾಪದಗಳಲ್ಲಿ ಅದು ಕನ್ನಡದ ಮಗುವಿಗೆ ಹೊಳೆಯುತ್ತದೆ. ಸಂಸ್ಕೃತದ ಭಾರೀ ಪದಗಳನ್ನು ಹೊಸದಾಗಿ ಟಂಕಿಸಿ ಹೇರುವ ಹುಮ್ಮಸ್ಸು ಮಾತ್ರ ಬೇಡ. ಟ್ಯಾಂಕಿಗೆ ಟ್ಯಾಂಕೆಂದರೆ ಸಾಕು.

ಇತಿಹಾಸದ ಯುದ್ಧವನ್ನು ಆಟಕ್ಕೆ ತರುವಾಗ ಏಳುವ ಇನ್ನೊಂದು ಅಳುಕನ್ನೂ ಮುಚ್ಚಿಡುವಂತಿಲ್ಲ. ಟಿಪ್ಪೂವಿನ ಹೆಸರಾಗಲಿ ಮರಾಠರ ಹೆಸರಾಗಲಿ ಈ ಸೀಮೆಯಲ್ಲಿ ಬರಿಯ ಹೆಸರುಗಳಾಗಿ ಉಳಿದಿಲ್ಲ. ತಮ್ಮವರ ಕಡೆ ಮಾತ್ರ ಆಡುತ್ತೇವೆಂದು ಮಕ್ಕಳು ಹಟ ಹಿಡಿಯುವುದನ್ನು ನಿರೀಕ್ಷಿಸಬೇಕು. ಪ್ರತಿ ಆಟದ ನಂತರ ಕಡೆ ಬದಲಿಸುವುದನ್ನು ಹುಲಿ-ಕುರಿಯಲ್ಲಿದ್ದಂತೆ ಇಲ್ಲಿಯೂ ಕಡ್ಡಾಯ ಮಾಡಿದರೆ, ಒಂದೇ ಸಂಜೆಯಲ್ಲಿ ಒಬ್ಬಳೇ ಹುಡುಗಿ ಗೋಡೆಯನ್ನು ಒಡೆದವಳೂ ಗೋಡೆಯನ್ನು ರಾತ್ರಿಯಿಡೀ ಕಟ್ಟಿದವಳೂ ಆಗುತ್ತಾಳೆ. ಹಾಗೆಯೇ, ಬಲ್ಲವನು ಹೊಸಬನೊಡನೆ ಆಡುವಾಗ ಆನೆ ಬಿಟ್ಟು ಆಡುವ, ಅಂದರೆ ತನ್ನದೊಂದು ಕಾಯಿಯನ್ನು ಮೊದಲೇ ತೆಗೆದಿಟ್ಟು ಕೂರುವ ಚದುರಂಗದ ಹಳೆಯ ಮರ್ಯಾದೆಯನ್ನೂ ಮುಂದುವರಿಸಬಹುದು. ಬೇಕೆಂದೇ ಸೋತುಕೊಡುವುದಕ್ಕಿಂತ ಅದು ಪ್ರಾಮಾಣಿಕ, ಮಕ್ಕಳಿಗೆ ಸುಳ್ಳು ಸೋಲು ಬಹುಬೇಗ ತಿಳಿದುಬಿಡುತ್ತದೆ.

ಬೇಸಿಗೆಯ ರಜೆಯಲ್ಲಿ ಇದನ್ನು ಪ್ರಯತ್ನಿಸಬಯಸುವ ಶಿಕ್ಷಕರಾಗಲಿ ಮನೆಯ ಹಿರಿಯರಾಗಲಿ ಯಾವ ಪೆಟ್ಟಿಗೆಯನ್ನೂ ಕೊಳ್ಳಬೇಕಾಗಿಲ್ಲ. ಮೊದಲ ವಾರಕ್ಕೆ ಬೇಕಾದದ್ದು ನೆಲದ ಮೇಲೆ ಗೆರೆ ಎಳೆಯಲು ಒಂದು ಸುಣ್ಣದ ಕಡ್ಡಿ, ಹದಿನೈದು ಸಣ್ಣ ಹರಳು, ಮೂರು ದೊಡ್ಡ ಹರಳು; ಎರಡನೆಯ ವಾರಕ್ಕೆ ಅದೇ ಹರಳುಗಳ ಜೊತೆಗೆ ಇಪ್ಪತ್ತನಾಲ್ಕು ಹುಣಸೆ ಬೀಜ.